ತೋಟದ ಹಕ್ಕಿಗೂಡಿನ ಪೆಟ್ಟಿಗೆಗಳ ಶುದ್ಧಿಯೂ ಸಂರಕ್ಷಣೆಯೂ

ತೊಟ್ಟಿನ ಬಳಿ ತೂತು ಕೊರೆಯಲ್ಪಟ್ಟ ಎಳೆಗಾಯಿಗಳು ತೆಂಗಿನ ಬುಡದಲ್ಲಿ ಉದುರಿ ಬಿದ್ದಿರುವುದನ್ನು ಅಂಕೋಲಾ ತಾಲೂಕಿನ ಬೆಳಂಬಾರದಂಥ ಕಡಲಂಚಿನ ಗ್ರಾಮಗಳಲ್ಲಿ ಕಾಣದ ಕೃಷಿಕರಿಲ್ಲ. ಇದು ಮರವೇರುವ ಇಲಿಯ ಕೃತ್ಯವು. ಗದ್ದೆಯ ಬದುಗಳನ್ನು ತೋಡಿ ತೆನೆಯನ್ನು ಬಿಲಕ್ಕೆ ಸಾಗಿಸುವ ಹೆಗ್ಗಣವು ಇದರ ಬಂಧುವು. ಇವೆರಡನ್ನೂ ಹಿಡಿದು ತಿನ್ನುವ ಕಣಜ ಗೂಬೆಯೂ, ಹುಳುಹುಪ್ಪಟೆಗಳನ್ನು ಮರಿಗಳಿಗೆ ಉಣಿಸುವ ಮಡಿವಾಳ, ಗೊರವಂಕ, ಗುಬ್ಬಚ್ಚಿ ಮೊದಲಾದ ಪಕ್ಷಿಗಳೂ ಗೂಡಿಗಾಗಿ ಪೊಟರೆಯನ್ನೋ ಸಂದನ್ನೋ ಆಶ್ರಯಿಸತಕ್ಕವು. ಮುದಿ ಮಾವಿನ ಮರಗಳು ಹೆದ್ದಾರಿಗೂ ಮನೆಕಟ್ಟುಗಳಿಗೂ ಬಲಿಯಾದವು. ಹಂಚಿನ ಮಾಡುಗಳಿದ್ದಲ್ಲಿ ಸಿಮೆಂಟಿನ ತಾರಸಿಗಳು ಎದ್ದವು. ಆದಕಾರಣ ಹಲಿಗೆಯ ಪೆಟ್ಟಿಗೆಗಳನ್ನು ಕಟ್ಟಿ ಹಕ್ಕಿಗಳಿಗೆ ನೆಲೆ ಒದಗಿಸುವ ಪದ್ಧತಿಯು ಅಲ್ಲಲ್ಲಿ ಬಳಕೆಗೆ ಬಂದಿರುವುದು ಸಂತೋಷದ ಸಂಗತಿಯೇ. ಇದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ವಾಟರ್ಟನ್ ಎಂಬವರು 19ನೆಯ ಶತಮಾನದಲ್ಲಿಯೇ ತಮ್ಮ ಎಸ್ಟೇಟಿನಲ್ಲಿ ಪಕ್ಷಿಗಳಿಗೆ ನೆಲೆಗಳನ್ನು ಕಟ್ಟಿಸಿದ್ದರು. ಮಲೇಶಿಯದ ತಾಳೆಎಣ್ಣೆ ತೋಟಗಳಲ್ಲಿ ಇಲಿಯ ನಿವಾರಣೆಗಾಗಿ ಗೂಬೆಯ ಪೆಟ್ಟಿಗೆಗಳನ್ನು ಸಾಲಾಗಿ ನೆಟ್ಟಿದ್ದಾರೆ.

ಆದರೆ ಪೆಟ್ಟಿಗೆಯನ್ನು ಮರಕ್ಕೆ ಬಿಗಿದೊಡನೆ ಕೆಲಸವು ತೀರಿತೆಂದು ಭಾವಿಸುವವರೇ ಹೆಚ್ಚು. ಜೀವಂತ ಮರದ ಪೊಟರೆಯಲ್ಲಿ ಇರುವೆ, ಹುಳುಗಳು ಹಳೆಯ ಗೂಡನ್ನು ಬಹುಮಟ್ಟಿಗೆ ತಿಂದು ಕರಗಿಸುವುವು. ಒಣ ಹಲಿಗೆಯ ಪೆಟ್ಟಿಗೆಯಲ್ಲಿ ಅದು ಹಾಗೆ ನಡೆಯದು. ಮೊದಲ ವರ್ಷದ ಹುಲ್ಲಿನ ಮೇಲೆ ಎರಡನೆಯ ವರ್ಷದ ಹುಲ್ಲು, ಅದರ ಮೇಲೆ ಮೂರನೆಯದು, ಹೀಗೆ ಗೂಡು ಮೇಲೇರುತ್ತ ಬಂದು ಮರಿಗಳು ಬಾಯ್ದೂತಿನ ಸಮಕ್ಕೆ ಕುಳಿತಿರುವಂತಾಗುವುದು. ಆಗ ಕಾಗೆಯು ಹೊರಗಿನಿಂದಲೇ ಕೊಕ್ಕು ಚಾಚಿ ಅವುಗಳನ್ನು ಎಳೆದೊಯ್ಯುವುದು ಸುಲಭ. ಹಳೆಯ ಹುಲ್ಲಿನಲ್ಲಿ ಅಡಗಿದ ನುಸಿ, ಚಿಗಟಗಳು ಹಸಿದು ಕಾದಿದ್ದು, ರೆಕ್ಕೆಪುಕ್ಕವಿಲ್ಲದ ಮರಿಗಳ ರಕ್ತವನ್ನು ಹೀರುವುವು. ಮಳೆಯ ನೀರು ಒಸರಿದ್ದರೆ ಬೂಷ್ಟು ಬೇರೆ. ಇಂಥ ಪೆಟ್ಟಿಗೆಯು ಹಕ್ಕಿಗೆ ಆಶ್ರಯವಾಗುವುದಕ್ಕಿಂತ ಬೋನಾಗುವುದೇ ಸತ್ಯ.

ಕಡಲ ಬದಿಯ ಊರುಗಳಲ್ಲಿ ಇನ್ನೊಂದು ವಿಪತ್ತುಂಟು. ಗೊರವಂಕವು ಗೂಡಿಗೆ ಆಯ್ದು ತರುವ ಸಾಮಾನುಗಳಿಗೆ ಮಿತಿಯಿಲ್ಲ. ನಾರು, ಕಾಗದ, ಚಿಂದಿ, ಹಾವಿನ ಪೊರೆ, ಇವುಗಳೊಡನೆ ದಡದಲ್ಲಿ ಹರಿದು ಬಿದ್ದ ಬಲೆಯ ನೈಲಾನ್ ಎಳೆಗಳೂ ಅದರ ಕೊಕ್ಕಿಗೆ ಸಿಕ್ಕುವುವು. ಈ ಎಳೆಯು ಕೊಳೆಯುವುದಿಲ್ಲ, ಹರಿಯುವುದೂ ಇಲ್ಲ. ಮರಿಯ ಕಾಲಿಗೆ ಸುತ್ತಿಕೊಂಡರೆ ಮರಿ ಬೆಳೆದಂತೆಲ್ಲ ಅದು ಬಿಗಿಯಾಗಿ ಕಾಲನ್ನು ಕತ್ತರಿಸುವುದು. ಇಲ್ಲವೆ ಹಾರುವ ದಿನ ಮರಿಯು ಬಾಯ್ದೂತಿನಲ್ಲಿಯೇ ತೂಗಿ ಸಾಯುವುದು. ಹಳೆಯ ಗೂಡನ್ನು ತೆಗೆಯದಿದ್ದರೆ ಅದೇ ಎಳೆಯು ಮರುವರ್ಷದ ಮರಿಗೂ ಕಾದಿರುವುದು. ಬಲೆ ಹೆಣೆಯುವವರು ತುಂಡುಗಳನ್ನು ಒಂದು ಚೀಲಕ್ಕೆ ಹಾಕಿಡುವುದು ದೊಡ್ಡ ಶ್ರಮವಲ್ಲ.

ಶುದ್ಧಿಗೆ ಯೋಗ್ಯವಾದ ಕಾಲವನ್ನು ಹಕ್ಕಿಯ ಸಂಸಾರವನ್ನು ನೋಡಿ ನಿಶ್ಚಯಿಸತಕ್ಕದ್ದು. ಮಡಿವಾಳವೂ ಗೊರವಂಕವೂ ಬೇಸಿಗೆಯಿಂದ ಮಳೆಗಾಲದವರೆಗೆ ಮರಿಮಾಡುವುವು. ಹಾಲಕ್ಕಿಯೆಂದು ಶಕುನ ಹೇಳುವವರು ಕರೆಯುವ ಸಣ್ಣ ಗೂಬೆಯು ಚಳಿಗಾಲದಲ್ಲಿಯೇ ಜಾಗ ಹುಡುಕಲು ಆರಂಭಿಸುವುದು. (ಈ ಭಾಗದ ಹಾಲಕ್ಕಿ ಒಕ್ಕಲಿಗರ ಹೆಸರಿನೊಡನೆ ಇದನ್ನು ಬೆರೆಸಬೇಕಾಗಿಲ್ಲ.) ಆದ್ದರಿಂದ ಮಳೆಯು ಹಿಂದೆಗೆದ ಮೇಲೆ, ನವರಾತ್ರಿಯಿಂದ ದೀಪಾವಳಿಯೊಳಗಿನ ಅವಧಿಯೇ ಉತ್ತಮವು. ಕತ್ತಿ ಗುದ್ದಲಿಗಳನ್ನು ತೊಳೆದು ಪೂಜಿಸುವ ದಿನಗಳಲ್ಲಿಯೇ ಇದನ್ನೂ ಮುಗಿಸಿದರೆ ಮರೆಯುವ ಭಯವಿಲ್ಲ. ಗುಬ್ಬಚ್ಚಿಯೂ ಕಣಜ ಗೂಬೆಯೂ ಮಾತ್ರ ಈ ಲೆಕ್ಕಕ್ಕೆ ಸಿಕ್ಕುವುವಲ್ಲ. ಅವು ಯಾವ ತಿಂಗಳಲ್ಲಿಯಾದರೂ ಮೊಟ್ಟೆಯಿಟ್ಟಾವು. ಮುಂಜಾನೆ ಅರ್ಧ ತಾಸು ದೂರದಲ್ಲಿ ಕುಳಿತು, ಹಕ್ಕಿಯು ಹುಳುವನ್ನು ಕಚ್ಚಿ ಒಳಗೆ ಹೋಗುತ್ತಿದೆಯೇ ಎಂದು ನೋಡಬೇಕು. ಗೂಬೆಯ ಪೆಟ್ಟಿಗೆಯಾದರೆ ಸಂಜೆಗತ್ತಲಲ್ಲಿ ಮರಿಗಳ ಬುಸುಗುಟ್ಟುವ ಸದ್ದು ಕೇಳಿಬರುವುದು. ಕಣಜ ಗೂಬೆಯ ಕಾವಿಗೆ ಸುಮಾರು ಒಂದು ತಿಂಗಳು, ಮರಿಗಳು ಹಾರುವುದಕ್ಕೆ ಮತ್ತೆ ಎರಡು ತಿಂಗಳು ಬೇಕು. ಮೊಟ್ಟೆ ಮರಿಗಳಿದ್ದಲ್ಲಿ ಕೈಯಿಕ್ಕಲೇ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಕ್ಷಿತ ಪಕ್ಷಿಗಳ ಗೂಡು ಮೊಟ್ಟೆಗಳನ್ನು ಕೆಡಿಸುವುದು ಅಪರಾಧವೂ ಹೌದು.

ಪೆಟ್ಟಿಗೆಯ ಮುಚ್ಚಳವನ್ನು ತೆರೆಯುವ ಮುನ್ನ ಕೋಲಿನಿಂದ ಎರಡು ಸಲ ತಟ್ಟಬೇಕು. ಒಳಗೆ ಕೇರೆಹಾವೋ, ಕಣಜದ ಹುಟ್ಟೋ ಇದ್ದೀತು. ತುಡುವೆ ಜೇನು ಸೇರಿದ್ದರೆ ಅದು ತೋಟಕ್ಕೆ ನಷ್ಟವಲ್ಲ, ಲಾಭವೇ. ಪೆಟ್ಟಿಗೆಯನ್ನು ಅದಕ್ಕೇ ಬಿಟ್ಟು ಬೇರೊಂದನ್ನು ಕಟ್ಟಿಸಬಹುದು. ಏಣಿಯನ್ನು ಹಿಡಿಯಲು ಇನ್ನೊಬ್ಬ ಆಳು ಅವಶ್ಯವು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು, ಒಳಗಿನ ಕಸಕ್ಕೆ ಮೊದಲು ನೀರು ಚಿಮುಕಿಸಿ ಆಮೇಲೆ ಕೆರೆದು ತೆಗೆಯತಕ್ಕದ್ದು. ಒಣ ಹಿಕ್ಕೆಯ ಧೂಳು ಪುಪ್ಪುಸಕ್ಕೆ ಅಪಾಯಕರವಾದ ರೋಗಬೀಜಗಳನ್ನು ಒಯ್ಯಬಲ್ಲುದು. ಕಸವನ್ನು ಕೋಳಿಗೂಡಿನಿಂದ ದೂರದಲ್ಲಿ ಹುಗಿಯಬೇಕು. ಬಳಿಕ ಕುದಿಯುವ ನೀರನ್ನು ಮೂಲೆಮೂಲೆಗೆ ಸುರಿದು, ಬ್ರಶ್ಶಿನಿಂದ ತಿಕ್ಕಿ, ಎರಡು ದಿನ ಬಿಸಿಲಿನಲ್ಲಿ ಬಾಯಿ ತೆರೆದಿಡಬೇಕು. ನುಸಿಗಳನ್ನು ಕೊಲ್ಲಲು ಇಷ್ಟೇ ಸಾಕು. ಫಿನಾಯಿಲ್, ನುಸಿಗುಳಿಗೆ, ಕೀಟನಾಶಕದ ಪುಡಿ, ಒಳಗಿನ ಬಣ್ಣ, ಇವು ಯಾವುವೂ ಬೇಡ.

ಗೂಬೆಯ ಪೆಟ್ಟಿಗೆಯಿಂದ ಹೊರಬೀಳುವ ಕಪ್ಪು ಉಂಡೆಗಳನ್ನು ಅಸಹ್ಯಪಟ್ಟು ಎಸೆಯದೆ, ಹತ್ತನ್ನು ನೀರಿನಲ್ಲಿ ನೆನೆಹಾಕಿ ಬಿಡಿಸಿ ನೋಡಿದರೆ ತೋಟದ ಲೆಕ್ಕವೇ ಅದರಲ್ಲಿ ದೊರೆಯುವುದು. ಗೂಬೆಯು ಅರಗದ ಕೂದಲು ಮೂಳೆಗಳನ್ನು ಹೀಗೆ ಕಾರುವುದು. ಮುಂದೆ ಉದ್ದನೆಯ ಉಳಿಹಲ್ಲು, ಅದರ ಹಿಂದೆ ಬರಿಯ ತೆರಪು ಇದ್ದ ತಲೆಬುರುಡೆಯು ಇಲಿಯದು. ಸಾಲಾಗಿ ಚೂಪುಹಲ್ಲುಗಳಿದ್ದರೆ ಅದು ಸೊಂಡಿಲಿಯದು. ಗೂಬೆಯನ್ನು ಅಪಶಕುನವೆಂದು ಓಡಿಸುವ ಮನೆಯವರಿಗೆ ಈ ಬುರುಡೆಗಳನ್ನು ಎಣಿಸಿ ತೋರಿಸುವುದು ನೂರು ಮಾತಿಗಿಂತ ಮೇಲು. ಆದರೆ ಅದೇ ತೋಟದಲ್ಲಿ ಬ್ರೋಮಾಡಿಯೋಲೋನ್ ಬೆರೆಸಿದ ಇಲಿಪಾಷಾಣವನ್ನಿಡುವುದು ವಿರುದ್ಧ ಕಾರ್ಯವು. ಅದನ್ನು ತಿಂದ ಇಲಿಯು ಕೂಡಲೆ ಸಾಯದೆ ಕೆಲವು ದಿನ ತೂರಾಡುತ್ತಿದ್ದು, ಎಲ್ಲಕ್ಕೂ ಮೊದಲು ಗೂಬೆಯ ಉಗುರಿಗೆ ಸಿಕ್ಕುವುದು. ವಿಷವು ಮರಿಗಳಿಗೂ ಹಂಚಲ್ಪಡುವುದು. ಶುದ್ಧಿಯ ವೇಳೆಯಲ್ಲಿ ಗಾಯವಿಲ್ಲದೆ ಸತ್ತ ಮರಿಗಳು ಕಂಡರೆ ನೆರೆಹೊರೆಯಲ್ಲಿ ಇಂಥ ವಿಷವನ್ನಿಟ್ಟಿದ್ದರೇ ಎಂದು ವಿಚಾರಿಸುವುದು ಯುಕ್ತವು.

ಮರಳಿ ಕಟ್ಟುವ ಮುನ್ನ ದುರಸ್ತಿಯಾಗಬೇಕು. ಉಪ್ಪುಗಾಳಿಗೆ ಕಬ್ಬಿಣದ ಮೊಳೆಗಳು ಬೇಗನೆ ತುಕ್ಕುಹಿಡಿಯುವುದರಿಂದ ಹಿತ್ತಾಳೆಯ ಅಥವಾ ತುಕ್ಕುಹಿಡಿಯದ ಉಕ್ಕಿನ ತಿರುಪುಗಳನ್ನು ಉಪಯೋಗಿಸುವುದು ಲೇಸು. ತಳದ ನಾಲ್ಕು ಮೂಲೆಗಳಲ್ಲಿ ನೀರಿಳಿಯುವ ತೂತುಗಳು ಕಟ್ಟಿಕೊಂಡಿದ್ದರೆ ಬಿಡಿಸಬೇಕು. ಈ ಕರಾವಳಿಗೆ ಮಳೆಯು ನೈರುತ್ಯದಿಂದ ಹೊಡೆಯುವುದರಿಂದ ಬಾಯ್ದೂತು ಪೂರ್ವಕ್ಕೋ ಈಶಾನ್ಯಕ್ಕೋ ಇರತಕ್ಕದ್ದು. ಗುಬ್ಬಚ್ಚಿಗೆ 1¼ ಅಂಗುಲದ ತೂತು ಸಾಕು, ಮಡಿವಾಳಕ್ಕೆ 2 ಅಂಗುಲ ಬೇಕು. ಅಳಿಲು ಕಡಿದು ಅಗಲಿಸಿದ್ದರೆ ತಗಡಿನ ಬಿಲ್ಲೆಯನ್ನು ಸುತ್ತ ಬಡಿಯಬಹುದು. ಗೂಬೆಗಳು ಹುಲ್ಲು ತರುವ ಜಾತಿಯಲ್ಲವಾದುದರಿಂದ ಅವುಗಳ ಪೆಟ್ಟಿಗೆಯಲ್ಲಿ ಎರಡು ಅಂಗುಲ ಒಣ ಮರದ ಹೊಟ್ಟನ್ನು ಹರವಬೇಕು. ತೆಂಗಿನ ನಾರಿನ ಹುಡಿಯು ಎಷ್ಟು ಸುಲಭವಾಗಿ ಸಿಕ್ಕಿದರೂ ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಈ ಕೆಲಸಕ್ಕೆ ಬಾರದು. ಉಳಿದ ಹಕ್ಕಿಗಳ ಪೆಟ್ಟಿಗೆಗಳನ್ನು ಬರಿದಾಗಿಯೇ ಬಿಡತಕ್ಕದ್ದು. ಗೂಡನ್ನು ಕಟ್ಟುವುದು ಅವುಗಳಿಗೆ ತಿಳಿದ ವಿದ್ಯೆಯೇ ಆಗಿದೆ.