ಯಯಾತಿಯ ಆಸೆಯೂ ರಕ್ತದ ಗುಣವೂ

ಪೂರುವಿನ ತಾರುಣ್ಯವನ್ನು ತಂದೆಯಾದ ಯಯಾತಿಯು ಬೇಡಿ ಪಡೆದ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಇ. ಸ. 2005ರಲ್ಲಿ ಅಮೇರಿಕೆಯ ಸ್ಟ್ಯಾನ್‌ಫರ್ಡ ವಿದ್ಯಾಪೀಠದ ಶೋಧಕರು ಮುದಿ ಇಲಿಯೊಂದನ್ನೂ ಎಳೆಯ ಇಲಿಯೊಂದನ್ನೂ ಮೈಗೆ ಮೈ ಹೊಲಿದು, ಎರಡರಲ್ಲಿಯೂ ಒಂದೇ ರಕ್ತವು ಹರಿಯುವಂತೆ ಮಾಡಿದರು. ಮುದಿ ಇಲಿಯ ಗಾಯಗೊಂಡ ಸ್ನಾಯುವು ಎಳೆಯದರಂತೆ ಚೇತರಿಸಿತು.

ಹಾಗಾದರೆ ತಾರುಣ್ಯವು ಎಳೆಯ ರಕ್ತದಲ್ಲಿಯೇ ಅಡಗಿರುವುದೇ? ಅವಸರದ ನಿರ್ಣಯವು ಸಲ್ಲದು. 2020ರಲ್ಲಿ ಬರ್ಕಲಿಯ ಶೋಧಕರು ಮುದಿ ಇಲಿಗಳ ರಕ್ತದ್ರವದ ಅರ್ಧಭಾಗವನ್ನು ತೆಗೆದು, ಲವಣಜಲವನ್ನೂ ಆಲ್ಬ್ಯುಮಿನ್ ಎಂಬ ಸತ್ತ್ವವನ್ನೂ ತುಂಬಿದರು. ಎಳೆಯ ರಕ್ತವಿಲ್ಲದೆಯೇ ಸ್ನಾಯುಗಳು ಚೇತರಿಸಿದವು! ವಯಸ್ಸಿನೊಡನೆ ರಕ್ತದಲ್ಲಿ ಹೆಚ್ಚಿದ ಪ್ರತಿಬಂಧಕ ದ್ರವ್ಯಗಳು ತೆಳುವಾದುದೇ ಕಾರಣವೆಂದು ಅವರ ಮತವು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಒಕ್ಕಲಿಗನು ಇದನ್ನು ಬೇಗನೆ ಅರಿಯುವನು. ಕಾಲುವೆಯ ನೀರು ಅತಿಯಾಗಿ ಹೊಲವು ಸವಳಾದರೆ ಅವನು ಬೀಜವನ್ನು ಹಳಿಯುವುದಿಲ್ಲ. ಬಸಿಗಾಲುವೆಯನ್ನು ತೋಡಿ ಉಪ್ಪನ್ನು ಹೊರಗೆ ಹರಿಸುವನು.

ಇಲಿಗೆ ಹಿಡಿದುದು ಮನುಷ್ಯನಿಗೂ ಹಿಡಿಯುವುದೆಂದು ಇನ್ನೂ ಸಿದ್ಧವಾಗಿಲ್ಲ. ಮುಪ್ಪಿನ ಮದ್ದೆಂದು ತರುಣರ ರಕ್ತದ್ರವವನ್ನು ಏರಿಸಿಕೊಳ್ಳುವುದರಿಂದ ಅಪಾಯವುಂಟೆಂದು ಅಮೇರಿಕೆಯ ಸರಕಾರದ ಔಷಧಿ ಇಲಾಖೆಯು 2019ರಲ್ಲಿಯೇ ಎಚ್ಚರಿಸಿತು.

ಅರವತ್ತು ತುಂಬಿದ ನನಗೂ ಆಸೆಯಿಲ್ಲವೆಂದಲ್ಲ. ಆದರೆ ಯಯಾತಿಯೂ ಕಡೆಗೆ ತಾರುಣ್ಯವನ್ನು ಮಗನಿಗೇ ಮರಳಿಸಿದನು. ಮಕ್ಕಳು ಕೊಡುವ ರಕ್ತವು ಗಾಯಾಳುಗಳಿಗೂ ಬಾಣಂತಿಯರಿಗೂ ಸಲ್ಲಲಿ. ನಮ್ಮ ಮುಪ್ಪನ್ನು ನಾವೇ ಹೊರೋಣ.