ನೆಲದೊಳಗಿನ ನೀರಿಗೂ ಒಬ್ಬ ನೀರಗಂಟಿ ಬೇಕು

ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಿನ ನಮ್ಮ ಕನ್ನಡ ಹಳ್ಳಿಗಳ ರೈತ ಬಂಧುಗಳಿಗೆ ಮಳೆಯ ವಿಚಾರವಾಗಿ ನಾವು ಹೊಸದಾಗಿ ಹೇಳಬೇಕಾದುದು ಏನೂ ಇಲ್ಲ. ವರ್ಷಕ್ಕೆ ಸರಾಸರಿ 550 ಮಿಲಿಮೀಟರು, ಅಂದರೆ ಸುಮಾರು 22 ಅಂಗುಲ ಮಳೆ ಬೀಳುವ ಸೀಮೆ ಇದು. ಪಡುವಣ ಘಟ್ಟ ಮುಂಗಾರಿನ ಮೋಡವನ್ನು ತಡೆಯುತ್ತದೆ. ಮೂಡಣ ಕಡಲಿನಿಂದ ಹೊರಟ ಹಿಂಗಾರು ಇಲ್ಲಿಗೆ ಬರುವ ವೇಳೆಗೆ ಸೋತಿರುತ್ತದೆ. ಇಂಥ ಸೀಮೆಯಲ್ಲಿ ರೈತನ ವರಮಾನವೂ ಹೆಚ್ಚಬೇಕು, ನೀರು ಮತ್ತು ಮಣ್ಣು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು. ಇವೆರಡೂ ಒಟ್ಟಿಗೆ ನಡೆಯುವುದುಂಟೆ ಎಂದು ಕೇಳುವವರು ಬಹಳ ಮಂದಿ. ನಡೆಯುತ್ತದೆಂಬುದೇ ನಮ್ಮ ಅಭಿಪ್ರಾಯ. ಆದರೆ ಬಿತ್ತುವ ಮೊದಲು ಊರಿನವರೆಲ್ಲ ಕೂಡಿ ನೀರಿನ ಲೆಕ್ಕ ಹಾಕಬೇಕು. ಅದು ಹೇಗೆಂಬುದನ್ನು ಈ ವಾರ ಬರೆಯುತ್ತೇವೆ.

ಕೆರೆಯ ಕಾಲದ ಕಟ್ಟಳೆ

ಲೆಕ್ಕ ಹಾಕಿ ಬಿತ್ತುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಕೆರೆಯ ಹಿಂದಿನ ಬೇಸಾಯವನ್ನು ನೆನೆಯಿರಿ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಅಚ್ಚುಕಟ್ಟಿನ ಪೂರಾ ಭತ್ತ. ಅರ್ಧ ತುಂಬಿದ ವರ್ಷ ಊರ ಹಿರಿಯರು ಏರಿಯ ಮೇಲೆ ನಿಂತು ನೀರು ನೋಡಿ, ಇಷ್ಟೇ ಗದ್ದೆಗೆ ನೀರು, ಉಳಿದುದಕ್ಕೆ ರಾಗಿ ಎಂದು ತೀರ್ಮಾನ ಮಾಡುತ್ತಿದ್ದರು. ತೂಬು ಎತ್ತುವವನು, ಮುಚ್ಚುವವನು ನೀರಗಂಟಿ. ಗೌಡರ ಗದ್ದೆಯಾದರೂ ಸರಿ, ಬಡವನ ತುಂಡಾದರೂ ಸರಿ, ಅವನು ಬಿಟ್ಟ ಸರದಿಯಲ್ಲಿಯೇ ನೀರು ಹರಿಯಬೇಕು. ಜಗಳಗಳು ಇರಲಿಲ್ಲವೆಂದಲ್ಲ. ಆದರೆ ಎಷ್ಟು ನೀರಿದೆಯೆಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಅದಕ್ಕೆ ಒಬ್ಬ ಕಾವಲುಗಾರನೂ ಇದ್ದ. ಹೊಳೆಯ ಪಕ್ಕದ ತಲಪರಿಗೆಗಳಿಗೂ ಹೀಗೆಯೇ ಸರದಿಯ ಕಟ್ಟಳೆ ಇದ್ದಿತು.

ಬೋರಿನ ಕಾಲ

ಕಪಿಲೆ ಬಾವಿ ಹೋಗಿ ಕೊಳವೆ ಬಾವಿ ಬಂದಾಗ ಈ ಕಟ್ಟಳೆ ಸಡಿಲಿತು. ನೀರು ಊರಿನದಾಗಿದ್ದುದು ಹೊಲದ ಯಜಮಾನನದಾಯಿತು. ಮೊದಮೊದಲು ನೂರಿನ್ನೂರು ಅಡಿಗೆ ಸಿಕ್ಕುತ್ತಿದ್ದ ನೀರನ್ನು ಹುಡುಕಿಕೊಂಡು ಈಗ ಸಾವಿರ ಅಡಿ ಮುಟ್ಟಿದ ಬೋರುಗಳೂ ಇವೆ. 2004ರಲ್ಲಿ ಆಂಧ್ರ ಸರ್ಕಾರ ಬೇಸಾಯಕ್ಕೆ ಪುಕ್ಕಟೆ ವಿದ್ಯುತ್ತು ಕೊಟ್ಟಿತು. ಸಾಲದಿಂದ ಸೋತಿದ್ದ ರೈತನಿಗೆ ಅದು ದೊಡ್ಡ ಆಸರೆಯೇ ಸರಿ. ಆದರೆ ಎಷ್ಟು ನೀರು ಎತ್ತಿದೆವೆಂದು ನೋಡುವ ಅಗತ್ಯವೇ ಯಾರಿಗೂ ತೋರದೆ ಹೋಯಿತು.

ನಮ್ಮ ನೆಲದ ಗುಣವನ್ನು ಇಲ್ಲಿ ತಿಳಿದಿರಬೇಕು. ಇದು ಕಗ್ಗಲ್ಲಿನ ಸೀಮೆ. ಮೇಲಿನ ಮಣ್ಣು, ಅದರ ಕೆಳಗಿನ ಗರಸು, ಇವೇ ನೀರನ್ನು ಹೀರಿ ಹಿಡಿದಿಡುವ ಕಣಜ. ಅದಕ್ಕೂ ಕೆಳಗೆ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಬಿರುಕು. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಸಾವಿರ ಅಡಿಯಲ್ಲಿ ಸಿಕ್ಕುವ ನೀರು ಅನೇಕ ವರ್ಷಗಳಿಂದ ಸೇರಿಕೊಂಡ ಹಳೆಯ ಗಂಟು. ಅದನ್ನು ಒಮ್ಮೆ ಖಾಲಿ ಮಾಡಿದರೆ ಮುಂದಿನ ಮುಂಗಾರಿಗೆ ತುಂಬುವಂಥದಲ್ಲ. ವರ್ಷವರ್ಷವೂ ಇಂಗುವ ನೀರು ಬಡ್ಡಿ, ಆಳದ ನೀರು ಅಸಲು. ಬಡ್ಡಿಯಲ್ಲಿ ಸಂಸಾರ ನಡೆಸುವವನು ಬದುಕುತ್ತಾನೆ, ಅಸಲು ತಿನ್ನುವವನು ಕೆಲವು ವರ್ಷ ಮಾತ್ರ ಸಿರಿವಂತನಾಗಿ ಕಾಣುತ್ತಾನೆ.

ಬೋರು ಬತ್ತಿತು, ಇನ್ನೊಂದು ಕೊರೆಸಿದೆ, ಅದೂ ಬತ್ತಿತು, ಸಾಲ ಉಳಿಯಿತು, ಈಗ ಬೆಂಗಳೂರಿನಲ್ಲಿ ಕೂಲಿ. ಕುಂದುರ್ಪಿ, ಶೆಟ್ಟೂರು, ಕಂಬದೂರಿನ ಕಡೆ ಎಷ್ಟು ಮನೆಗಳ ಕಥೆ ಇದೇ ಎಂಬುದು ಓದುಗರಿಗೆ ಗೊತ್ತು.

ಮೇಲಿನವರು, ಕೆಳಗಿನವರು

ವೇದಾವತಿ ಹೊಳೆಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮೇಲಿನವರು ನಿಲ್ಲಿಸಿಕೊಂಡರೆ ಕೆಳಗೆ ಭೈರವಾನಿ ತಿಪ್ಪ ಜಲಾಶಯದ ಕಾಲುವೆ ನಂಬಿದವರಿಗೆ ಏನಾಗುತ್ತದೆಂದು ಬ್ರಹ್ಮಸಮುದ್ರದ ಕಡೆಯ ರೈತರನ್ನು ಕೇಳಬೇಕು. ನಂದಿಬೆಟ್ಟದ ಕಡೆಯಿಂದ ಹಿಂದೂಪುರಕ್ಕೆ ಬರುವ ಪೆನ್ನಾ, ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಇವುಗಳ ವಿಚಾರದಲ್ಲೂ ನಾವು ಕೆಳಗಿನವರೇ.

ಆದರೆ ಇದೇ ನ್ಯಾಯ ಊರೊಳಗೂ ಉಂಟಲ್ಲವೆ? ಒಬ್ಬ ಸಾವಿರ ಅಡಿ ಕೊರೆಸಿದರೆ ಪಕ್ಕದ ಹೊಲದ ಮುನ್ನೂರು ಅಡಿಯ ಬೋರು ಬತ್ತುತ್ತದೆ. ಅಲ್ಲಿ ಅವನು ಮೇಲಿನವನು, ಇವನು ಕೆಳಗಿನವನು. ಗಡಿಯಾಚೆಯವರಿಂದ ನಾವು ಯಾವ ನ್ಯಾಯ ಬಯಸುತ್ತೇವೆಯೋ ಅದನ್ನು ಪಕ್ಕದ ಹೊಲದವನಿಗೂ ಕೊಡತಕ್ಕದ್ದು.

ಒಂದು ಊರಿನ ಜಮಾಖರ್ಚು

ಇನ್ನು ಲೆಕ್ಕಕ್ಕೆ ಬರೋಣ. ಒಂದು ಎಕರೆಯ ಮೇಲೆ 550 ಮಿಲಿಮೀಟರು ಮಳೆ ಬಿದ್ದರೆ ಅದು 22 ಲಕ್ಷ ಲೀಟರು ನೀರು. ಇದರಲ್ಲಿ ಬಹುಪಾಲು ಬಿಸಿಲಿಗೆ ಆರುತ್ತದೆ, ಗಿಡಮರ ಕುಡಿಯುತ್ತದೆ, ಒಂದಷ್ಟು ಹಳ್ಳಕ್ಕೆ ಓಡುತ್ತದೆ. ನಮ್ಮಂಥ ಕಲ್ಲುನೆಲದಲ್ಲಿ ಕಣಜಕ್ಕೆ ಇಳಿಯುವುದು ಸುಮಾರಾಗಿ ಹತ್ತರಲ್ಲಿ ಒಂದು ಪಾಲು, ಅಂದರೆ ಎಕರೆಗೆ 2.2 ಲಕ್ಷ ಲೀಟರು.

ಊರಿನ ಸೀಮೆ 2000 ಎಕರೆ, ಜನಸಂಖ್ಯೆಯೂ 2000 ಎಂದಿಟ್ಟುಕೊಳ್ಳಿ. ಒಳ್ಳೆಯ ಮಳೆಯ ವರ್ಷದ ಜಮೆ 44 ಕೋಟಿ ಲೀಟರು. ತಲೆಗೆ ದಿನಕ್ಕೆ 55 ಲೀಟರಿನಂತೆ ಜನರಿಗೆ ವರ್ಷಕ್ಕೆ 4 ಕೋಟಿ, ದನ ಕುರಿ ಮೇಕೆಗಳಿಗೆ 2 ಕೋಟಿ ಎತ್ತಿಡಬೇಕು. ಇದು ಮೊದಲ ಖರ್ಚು, ಇದರ ಮೇಲೆ ಯಾರೂ ಕೈಯಿಡಕೂಡದು. ಬೇಸಾಯಕ್ಕೆ ಉಳಿಯುವುದು 38 ಕೋಟಿ ಲೀಟರು.

ಒಂದು ಎಕರೆ ಭತ್ತಕ್ಕೆ ಬೇಕಾಗುವ ನೀರು ಸುಮಾರು 48 ಲಕ್ಷ ಲೀಟರು. ಆ ಲೆಕ್ಕದಲ್ಲಿ ಇಡೀ ಊರಿನ ನೀರು 80 ಎಕರೆ ಭತ್ತಕ್ಕೆ ಮುಗಿಯಿತು. ಗದ್ದೆಯ ನೀರಿನಲ್ಲಿ ಒಂದಷ್ಟು ಮತ್ತೆ ನೆಲಕ್ಕೆ ಇಳಿಯುವುದು ನಿಜ. ಅರ್ಧವೇ ಇಳಿಯಿತೆಂದರೂ 160 ಎಕರೆ ದಾಟುವುದಿಲ್ಲ. ಬೇಸಿಗೆಯ ಕಡಲೆಕಾಯಿಗೆ ಎಕರೆಗೆ 20 ಲಕ್ಷವೆಂದರೆ 190 ಎಕರೆ. ನೀರು ಕಟ್ಟುವ ರಾಗಿಗೆ 16 ಲಕ್ಷವೆಂದರೆ 235 ಎಕರೆಯ ಆಸುಪಾಸು.

ಈಗ ಇನ್ನೊಂದು ದಾರಿ ನೋಡಿ. ಮಳೆಯನ್ನೇ ನಂಬಿದ ಕಡಲೆಕಾಯಿ ಹೂವಿನ ಸೂಜಿ ನೆಲಕ್ಕಿಳಿದು ಕಾಯಿ ಕಟ್ಟುವ ಹೊತ್ತಿನಲ್ಲಿ ಮೂರು ವಾರ ಮಳೆ ಹೋದರೆ ಕೆಡುತ್ತದೆ. ಆ ಹೊತ್ತಿಗೆ ತುಂತುರು ಕೊಳವೆಯಿಂದ ಒಂದೇ ಒಂದು ಸಾರಿ ಎರಡು ಅಂಗುಲ ನೀರು ಕೊಟ್ಟರೆ ಬೆಳೆ ಉಳಿಯುತ್ತದೆ. ಅದಕ್ಕೆ ಬೇಕಾದುದು ಎಕರೆಗೆ 2 ಲಕ್ಷ ಲೀಟರು. ಅದೇ 38 ಕೋಟಿ ಲೀಟರಿನಲ್ಲಿ ಹೀಗೆ 1900 ಎಕರೆಯನ್ನು ಕಾಯಬಹುದು! ಎಂಬತ್ತು ಎಕರೆಯವರು ಭತ್ತ ಉಣ್ಣುವ ನೀರಿನಲ್ಲಿ ಹೆಚ್ಚುಕಡಿಮೆ ಇಡೀ ಊರಿನ ಬೆಳೆ ಉಳಿಯುತ್ತದೆ. ಊರಿನ ವರಮಾನ ಯಾವುದರಿಂದ ಹೆಚ್ಚೀತೆಂದು ಓದುಗರೇ ತೂಗಿ ನೋಡಲಿ.

ಇದು ಒಳ್ಳೆಯ ವರ್ಷದ ಲೆಕ್ಕ. ಮಳೆ ಅರ್ಧವಾದರೆ ಇಂಗುವುದು ಅರ್ಧಕ್ಕಿಂತಲೂ ಕಡಿಮೆ, ಏಕೆಂದರೆ ಒಣಗಿದ ಮೇಲ್ಮಣ್ಣು ತನ್ನ ಪಾಲನ್ನು ಮೊದಲು ಕುಡಿಯುತ್ತದೆ. ಆದುದರಿಂದ ಲೆಕ್ಕ ವರ್ಷವರ್ಷವೂ ಹೊಸದಾಗಿ ಆಗಬೇಕು.

ಮಾಡಿ ತೋರಿಸಿದವರು

ಇದು ಬರಿಯ ಕಾಗದದ ಲೆಕ್ಕವಲ್ಲ. ಹಿಂದಿನ ಅನಂತಪುರವೂ ಸೇರಿ ಆಂಧ್ರದ ಏಳು ಬರಗಾಲದ ಜಿಲ್ಲೆಗಳ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ 2003ರಿಂದ ಕೆಲವು ವರ್ಷ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ, ರೈತರೇ ಅಂತರ್ಜಲ ನೋಡಿಕೊಳ್ಳುವ ಕಾರ್ಯಕ್ರಮವೊಂದು ನಡೆಯಿತು. ಅಲ್ಲಿ ಹೆಂಗಸರು ಗಂಡಸರು ತಾವೇ ಮಳೆ ಅಳೆದರು, ಬೋರುಗಳ ನೀರಿನ ಮಟ್ಟ ಅಳೆದರು, ಹಿಂಗಾರಿನ ಬಿತ್ತನೆಗೆ ಮೊದಲು ಸಭೆ ಸೇರಿ ಲೆಕ್ಕವನ್ನು ಗೋಡೆಯ ಮೇಲೆ ಬರೆದರು. ಭತ್ತ ಬಿಡಿರೆಂದು ಯಾರೂ ಬಲವಂತ ಮಾಡಲಿಲ್ಲ, ಸಹಾಯಧನದ ಆಸೆಯನ್ನೂ ತೋರಿಸಲಿಲ್ಲ. ಲೆಕ್ಕ ನೋಡಿದ ರೈತ ತಾನಾಗಿಯೇ ಬೆಳೆ ಬದಲಿಸಿದ. 2010ರಲ್ಲಿ ವಿಶ್ವಬ್ಯಾಂಕು ಭಾರತದ ಅಂತರ್ಜಲದ ಬಗ್ಗೆ ಹೊರಡಿಸಿದ ವರದಿಯಲ್ಲಿ ಈ ಪ್ರಯತ್ನವನ್ನು ಮೆಚ್ಚಿ ಬರೆದಿದೆ. ಅನಂತಪುರದ ಕೆಲವು ಊರುಗಳಲ್ಲಿ ವಾಸನ್ ಎಂಬ ಸಂಸ್ಥೆಯ ಪ್ರೇರಣೆಯಿಂದ ಬೋರುಗಳನ್ನು ಪೈಪಿನಿಂದ ಜೋಡಿಸಿ, ಬೋರಿಲ್ಲದವರ ಹೊಲಕ್ಕೂ ಒಂದು ಸಾರಿಯ ನೀರು ಕೊಡುವ ಏರ್ಪಾಡೂ ಆಗಿದೆ.

ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ (ಈಗ ಅಹಿಲ್ಯಾನಗರ) ಹಿವರೆ ಬಜಾರ್ ನಮಗಿಂತಲೂ ಕಡಿಮೆ ಮಳೆಯ ಊರು. 1989ರಲ್ಲಿ ಪೋಪಟರಾವ್ ಪವಾರ್ ಅಲ್ಲಿ ಸರಪಂಚರಾದ ಮೇಲೆ ಬೇಸಾಯಕ್ಕೆ ಬೋರು ಕೂಡದು, ಕಬ್ಬು ಬಾಳೆ ಕೂಡದು ಎಂದು ಊರೇ ಕಟ್ಟಳೆ ಮಾಡಿಕೊಂಡಿತು. ಗ್ರಾಮಸಭೆಯಲ್ಲಿ ನೀರಿನ ಲೆಕ್ಕ ಒಪ್ಪಿಸಿ ಬೆಳೆ ನಿಶ್ಚಯಿಸುತ್ತಾರೆ. ಗುಳೆ ಹೋಗಿದ್ದ ಮನೆಗಳು ಊರಿಗೆ ಹಿಂತಿರುಗಿದುವು. ದೂರದ ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿಯೂ ಸುಬಕ್ ಎಂಬ ರೈತಕೂಟಗಳು ದೇವಸ್ಥಾನಗಳ ಆಶ್ರಯದಲ್ಲಿ ಮೇಲಿನ ಗದ್ದೆ, ಕೆಳಗಿನ ಗದ್ದೆಗಳ ಸರದಿಯನ್ನು ಶತಮಾನಗಳಿಂದ ನಡೆಸಿಕೊಂಡು ಬಂದಿವೆ. ಯುನೆಸ್ಕೋ ಸಂಸ್ಥೆ 2012ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದೇ ಬೆಳೆಯ ಅಪಾಯ

ನೀರಿನಷ್ಟೇ ಮುಖ್ಯವಾದುದು ಬೆಳೆಯ ಆಯ್ಕೆ. ನಮ್ಮ ಸೀಮೆ ಕಡಲೆಕಾಯಿಯಿಂದ ದುಡ್ಡು ಕಂಡಿತು. ಒಂದು ಕಾಲಕ್ಕೆ ಅನಂತಪುರ ಜಿಲ್ಲೆಯೊಂದರಲ್ಲೇ ಏಳು ಲಕ್ಷ ಹೆಕ್ಟೇರಿಗೂ ಹೆಚ್ಚು ಕಡಲೆಕಾಯಿ ಇದ್ದಿತು. ಆದರೆ 2000ನೆಯ ವರ್ಷ ಕಾಂಡ ಕೊಳೆಸುವ ನಂಜುರೋಗ ಬಂದು ಸುಮಾರು ಎರಡೂಕಾಲು ಲಕ್ಷ ಹೆಕ್ಟೇರು ಬೆಳೆಗೆ ಹಾನಿಯಾಯಿತು. ಬೀಳುನೆಲದ ಪಾರ್ಥೇನಿಯಂ ಕಳೆಯ ಹೂಪುಡಿಯಲ್ಲಿದ್ದ ನಂಜನ್ನು ಥ್ರಿಪ್ಸ್ ಎಂಬ ನುಸಿ ಕಡಲೆಕಾಯಿಗೆ ಮುಟ್ಟಿಸಿತೆಂದು ವಿಜ್ಞಾನಿಗಳು ಕಂಡುಹಿಡಿದರು. ಹೊಲದ ಸುತ್ತ ಒತ್ತಾಗಿ ನಾಲ್ಕಾರು ಸಾಲು ಜೋಳ ಅಥವಾ ಸಜ್ಜೆ ಬಿತ್ತಿ, ಹೂ ಬಿಡುವ ಮೊದಲೇ ಆ ಕಳೆಯನ್ನು ಕಿತ್ತರೆ ರೋಗ ಕಡಿಮೆಯಾಗುತ್ತದೆ.

ಹಿಂದಿನವರು ಅಕ್ಕಡಿ ಸಾಲಿಗೆ ತೊಗರಿ, ಅಲಸಂದೆ, ಅವರೆ, ಹರಳು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಮನೆಗೆ ಬರುತ್ತಿತ್ತು, ಉದುರಿದ ಎಲೆ ಮಣ್ಣಿಗೆ ಸೇರುತ್ತಿತ್ತು. ಆಂಧ್ರ ಸರ್ಕಾರದ ರೈತು ಸಾಧಿಕಾರ ಸಂಸ್ಥೆಯವರು 2016ರಿಂದ ನಡೆಸುತ್ತಿರುವ ಪ್ರಕೃತಿ ಬೇಸಾಯದಲ್ಲಿ, ಮುಂಗಾರಿಗೆ ಮೊದಲೇ ಹಲವು ಬಗೆಯ ಬೀಜ ಬೆರಸಿ ಒಣನೆಲಕ್ಕೆ ಚೆಲ್ಲಿ, ನೆಲ ಬರಿದಾಗಿರದಂತೆ ನೋಡಿಕೊಳ್ಳುತ್ತಾರೆ. ಅಕ್ಕಡಿ ಕಂಡವರಿಗೆ ಅದು ತೀರ ಹೊಸದೆನಿಸದು.

ಕಾಲುವೆ ಮತ್ತು ಕಾರ್ಖಾನೆ

ಹಂದ್ರಿ-ನೀವಾ ಕಾಲುವೆಯ ಮೂಲಕ ಶ್ರೀಶೈಲದ ಕೃಷ್ಣೆಯ ನೀರು 2012ರಲ್ಲಿ ಜೀಡಿಪಲ್ಲಿಯ ಜಲಾಶಯಕ್ಕೆ ಬಂತು. 2019ರಲ್ಲಿ ಪೆನುಕೊಂಡದ ಬಳಿಯ ಎರ್ರಮಂಚಿಯ ಕಿಯಾ ಕಾರ್ಖಾನೆಯಿಂದ ಕಾರುಗಳು ಹೊರಬಂದುವು. ಹಿಂದೂಪುರದ ತೂಮಕುಂಟದಲ್ಲಿಯೂ ಕಾರ್ಖಾನೆಗಳಿವೆ. ಇವನ್ನು ಬೇಡವೆನ್ನುವವರು ನಾವಲ್ಲ. ಓದಿದ ಹುಡುಗರಿಗೆ ಊರ ಹತ್ತಿರವೇ ಕೆಲಸ ಬೇಕು. ಆದರೆ ಕೃಷ್ಣೆಯ ನೀರು ಪಂಪುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಎತ್ತಿ ತಂದುದು, ಕೃಷ್ಣೆಗೆ ಪ್ರವಾಹ ಬಂದಾಗ ಮಾತ್ರ ಬರತಕ್ಕದ್ದು. ಅದು ಕೆರೆಗೆ ಬಂದ ವರ್ಷ ಬೋರುಗಳಿಗೆ ವಿಶ್ರಾಂತಿ ಕೊಟ್ಟು ಕಣಜ ತುಂಬಿಸಿಕೊಂಡವನು ಜಾಣ. ಬಂತೆಂದು ಭತ್ತ ಹೆಚ್ಚಿಸಿದರೆ ಮುಂದಿನ ವರ್ಷ ಮತ್ತೆ ಅದೇ ಪಾಡು. ಕಾರ್ಖಾನೆಗೆ ಹೋಗುವ ನೀರೂ ಜಿಲ್ಲೆಯ ಜಮಾಖರ್ಚಿನಲ್ಲಿ ಬರಬೇಕೆಂದು ಕೇಳುವುದು ರೈತರ ಹಕ್ಕು.

ಈ ವರ್ಷವೇ ಮಾಡಬಹುದಾದುದು

ಆಂಧ್ರದ 2002ರ ನೀರು, ನೆಲ, ಮರಗಳ ಕಾಯಿದೆಯನ್ನು ‘ವಾಲ್ಟಾ’ ಎನ್ನುತ್ತಾರೆ. ಅದರಂತೆ ಊರಿಗೆ ಕುಡಿಯುವ ನೀರು ಕೊಡುವ ಬಾವಿಯಿಂದ 250 ಮೀಟರಿನೊಳಗೆ ಹೊಸ ಬೋರು ಕೊರೆಯಕೂಡದು. ಇದು ತೆಲುಗಿನ ಕಾಗದದಲ್ಲಿರುವುದರಿಂದ ನಮ್ಮವರಲ್ಲಿ ಅನೇಕರಿಗೆ ತಿಳಿಯದು. ತಿಳಿದವರು ಉಳಿದವರಿಗೆ ಓದಿ ಹೇಳಬೇಕು.

ಊರಿನ ಶಾಲೆಯಲ್ಲೊಂದು ಮಳೆಮಾಪಕ ಇಡಿಸಿರಿ, ಮಕ್ಕಳು ಬರೆದಿಡಲಿ. ನಾಲ್ಕು ದಿಕ್ಕಿಗೆ ನಾಲ್ಕು ಬೋರು ಗೊತ್ತುಮಾಡಿ, ರಾತ್ರಿಯೆಲ್ಲ ಮೋಟಾರು ನಿಲ್ಲಿಸಿ, ಬೆಳಗ್ಗೆ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆಯಿರಿ. ನಿಮ್ಮ ಬೋರಿನ ಕೆಳಗೆ 200 ಲೀಟರಿನ ಡ್ರಮ್ಮು ಇಟ್ಟು ಗಡಿಯಾರ ನೋಡಿರಿ. ನೂರು ಸೆಕೆಂಡಿಗೆ ತುಂಬಿದರೆ ಗಂಟೆಗೆ 7200 ಲೀಟರು, ದಿನಕ್ಕೆ ಏಳು ಗಂಟೆಯಾದರೆ 50 ಸಾವಿರ ಲೀಟರು. ಅಂಥ ಬೋರು ಒಂದು ಎಕರೆ ಭತ್ತಕ್ಕಾಗಿ 96 ದಿನ ಓಡಬೇಕು. ಪಕ್ಕದವನ ಒಂದು ಎಕರೆ ಕಡಲೆಕಾಯಿಯನ್ನು ಉಳಿಸಲು ನಾಲ್ಕು ದಿನ ಸಾಕು.

ದೀಪಾವಳಿಯ ಹೊತ್ತಿಗೆ ಮುಂಗಾರಿನ ಮಳೆ ಎಷ್ಟೆಂದು ತಿಳಿದಿರುತ್ತದೆ. ಹಿಂಗಾರಿಗೆ ಬಿತ್ತುವ ಮೊದಲು ಬೋರು ಇರುವವರು, ಇಲ್ಲದವರು, ನೀರು ಹೊರುವ ಹೆಂಗಸರು, ಎಲ್ಲರೂ ಅರಳಿಕಟ್ಟೆಗೆ ಬಂದು ಕೂತು ಜಮೆ ಎಷ್ಟು, ಖರ್ಚು ಎಷ್ಟು ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಗೋಡೆಯ ಮೇಲೆ ಬರೆಯಿರಿ. ಆ ಲೆಕ್ಕ ಕಾಯುವುದಕ್ಕೆ ಊರಿನ ನಂಬಿಕೆಯ ಒಬ್ಬ ಗಂಡಸನ್ನೋ ಹೆಂಗಸನ್ನೋ ನೇಮಿಸಿರಿ, ಹಳೆಯ ಹೆಸರಿನಿಂದಲೇ ನೀರಗಂಟಿ ಎಂದು ಕರೆಯಿರಿ. ಹೀಗೆ ಲೆಕ್ಕ ಬರೆದ ಊರಿನವರು ನಮಗೊಂದು ಕಾಗದ ಹಾಕಿದರೆ, ಮಿಕ್ಕ ಊರುಗಳವರೂ ನೋಡಿ ಕಲಿಯಲೆಂದು ಆ ಲೆಕ್ಕವನ್ನು ಇದೇ ಪುಟದಲ್ಲಿ ಅಚ್ಚು ಹಾಕಿಸುತ್ತೇವೆ.