ದಸ್ತಗಿರಿಯ ಕಾಗದ ಹುಟ್ಟಿದ ಬಗೆ

ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಒಂದು ಮಗ್ಗುಲಲ್ಲಿ ಅಥಣಿಯನ್ನೂ ಮತ್ತೊಂದು ಮಗ್ಗುಲಲ್ಲಿ ವಿಜಾಪುರದ ಸೀಮೆಯನ್ನೂ ಒತ್ತಿಕೊಂಡು, ಮಳೆರಾಯನ ಕೃಪೆಗೆ ಅಪರೂಪವಾಗಿಯೇ ಪಾತ್ರವಾಗುವ ಜತ್ತ ತಾಲೂಕಿನಲ್ಲಿ, ಜತ್ತದ ಠಾಣೆಯವರಾಗಲಿ ಉಮದಿಯ ಠಾಣೆಯವರಾಗಲಿ ಇಂದು ಒಬ್ಬ ರೈತನನ್ನೋ, ಕಬ್ಬು ಕಡಿಯಲು ಹೋಗುವ ಕೂಲಿಯನ್ನೋ, ನೀರು ಕೊಡಿರೆಂದು ರಸ್ತೆಗೆ ಅಡ್ಡ ಕುಳಿತ ಸಂಘದ ಮನುಷ್ಯನನ್ನೋ ದಸ್ತಗಿರಿ ಮಾಡಿದರೆ, ಆಗಲೇ ಒಂದು ಕಾಗದ ಬರೆಯಬೇಕೆಂಬುದು ಶಾಸನ. ಆ ಕಾಗದಕ್ಕೆ ಮನೆಯವರಲ್ಲೊಬ್ಬರು ಅಥವಾ ಊರಿನ ಮರ್ಯಾದಸ್ಥರಲ್ಲೊಬ್ಬರು ಸಾಕ್ಷಿ ಹಾಕಬೇಕು. ಹಿಡಿಯಲ್ಪಟ್ಟವನೂ ಅದರ ಮೇಲೆ ರುಜು ಮಾಡಬೇಕು. ಹಿಡಿಯುವ ಅಧಿಕಾರಿಯ ಹೆಸರು ಎದೆಯ ಮೇಲೆ ಸ್ಪಷ್ಟವಾಗಿ ಕಾಣುವಂತಿರಬೇಕು. ಹಿಡಿಯಲ್ಪಟ್ಟವರ ಹೆಸರು ವಿಳಾಸಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36 ಮತ್ತು 37ನೆಯ ಕಲಮುಗಳಲ್ಲಿ ಇವೆಲ್ಲ ನಮೂದಾಗಿವೆ. ನೋಡುವುದಕ್ಕೆ ಕಾರಕೂನಿಕೆಯ ಒಂದು ಚೂರು. ಆದರೆ ಅದರ ಹಿಂದೆ ನಿಂತಿರುವುದು, ತಮ್ಮವನು ಎಲ್ಲಿದ್ದಾನೆಂದು ಕೇಳಿ ಕೇಳಿ ಸವೆದ ಮನುಷ್ಯರ ಚರಿತ್ರೆ.

ಪ್ರಭುತ್ವವು ತನಗೆ ಬೇಡವಾದವರನ್ನು ಹಿಂಸಿಸಿದ್ದು ಹೊಸದಲ್ಲ. ಹೊಸದು, ಹಿಂಸಿಸಿದೆನೆಂಬುದನ್ನೇ ಅಲ್ಲಗಳೆಯುವ ವಿದ್ಯೆ. ಆಂಗ್ಲರ ಕಾಲದಲ್ಲಿ, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡು ಸೀಮೆಯ ಕಯ್ಯೂರಿನಲ್ಲಿ 1941ರ ಮಾರ್ಚ್ ತಿಂಗಳಲ್ಲಿ ರೈತಸಂಘದ ಮೆರವಣಿಗೆಗೆ ಎದುರಾದ ಒಬ್ಬ ಪೋಲೀಸಿನವನು ಹೊಳೆಗೆ ಬಿದ್ದು ಸತ್ತ ಪ್ರಕರಣ ನಡೆಯಿತು. ಹಳ್ಳಿಗಳ ಮೇಲೆ ದಾಳಿಯಾಯಿತು. ಮಂಗಳೂರಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, 1943ರ ಮಾರ್ಚ್ 29ರಂದು ಮಠತ್ತಿಲ್ ಅಪ್ಪು, ಕುಂಞಂಬು, ಚಿರುಕಂಡ, ಅಬೂಬಕರ್ ಎಂಬ ನಾಲ್ವರು ರೈತ ತರುಣರನ್ನು ಕಣ್ಣಾನೂರಿನ ಸೆರೆಮನೆಯಲ್ಲಿ ನೇಣಿಗೇರಿಸಲಾಯಿತು. ನಿರಂಜನರ ‘ಚಿರಸ್ಮರಣೆ’ಯನ್ನು ಓದಿದ ಕನ್ನಡಿಗರಿಗೆ ಈ ಸಂಗತಿ ಅಪರಿಚಿತವಲ್ಲ. ಅದು ಘೋರವಾದ ಶಿಕ್ಷೆ. ಅದನ್ನು ಸಮರ್ಥಿಸುವವನು ನಾನಲ್ಲ. ಆದರೂ ಅಲ್ಲಿ ಆರೋಪವಿತ್ತು, ವಕೀಲರಿದ್ದರು, ತೀರ್ಪಿತ್ತು, ಮರಣದ ದಿನವಿತ್ತು. ಮಗ ಎಲ್ಲಿ ಸತ್ತನೆಂದು ತಾಯಿಗೆ ಗೊತ್ತಿತ್ತು.

ಅದೇ ವರ್ಷಗಳಲ್ಲಿ ಜತ್ತಕ್ಕೆ ಪಡುವಲಲ್ಲಿ, ಕೃಷ್ಣೆಯ ತೀರದ ಹಳ್ಳಿಗಳಲ್ಲಿ ನಾನಾ ಪಾಟೀಲರ ಪ್ರತಿಸರ್ಕಾರ ಎದ್ದಿತ್ತು. 1943ರಿಂದ 1946ರವರೆಗೆ ಸಾತಾರೆಯ ನೂರಾರು ಗ್ರಾಮಗಳಲ್ಲಿ ಪಂಚಾಯಿತಿ ನ್ಯಾಯವನ್ನು ನಡೆಸಿ, ಔಂಧ ಸಂಸ್ಥಾನದ ಕುಂಡಲದಂಥ ಊರುಗಳನ್ನು ನೆಲೆಯಾಗಿಸಿಕೊಂಡು, ಆಂಗ್ಲ ಸರ್ಕಾರದ ಕಣ್ಣು ತಪ್ಪಿಸಿ ಬದುಕಿದ ಆ ಜನ ತಾವೇ ಮರೆಯಾದವರು. ಅವರನ್ನು ಮುಚ್ಚಿಟ್ಟದ್ದು ಊರು, ಹುಡುಕುತ್ತಿದ್ದುದು ಸರ್ಕಾರ. ಡಫಳೆಯವರ ಸಂಸ್ಥಾನವಾಗಿದ್ದ ಜತ್ತವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಮರುವರ್ಷ ದಕ್ಷಿಣ ಸಾತಾರೆಯೆಂಬ ಹೊಸ ಜಿಲ್ಲೆಗೆ ಸೇರಿ, 1960ರಲ್ಲಿ ಆ ಜಿಲ್ಲೆಗೇ ಸಾಂಗಲಿಯೆಂದು ಹೆಸರಾದುದರಿಂದ, ಇಂದು ಆ ಪ್ರತಿಸರ್ಕಾರದ ಊರುಗಳೂ ಕನ್ನಡದ ಈ ಊರುಗಳೂ ಒಂದೇ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿವೆ.

ಊರು ಹುಡುಕುವುದು, ಸರ್ಕಾರ ಮುಚ್ಚಿಡುವುದು ಎಂಬ ವಿಪರೀತ ಎಲ್ಲಿಂದ ಬಂತು? ಮೊತ್ತಮೊದಲು ಇದನ್ನು ಲಿಖಿತ ಆಜ್ಞೆಯನ್ನಾಗಿಸಿದವರು ಹಿಟ್ಲರನ ಸೇನಾಧಿಪತಿಗಳು. 1941ರ ಡಿಸೆಂಬರ್ 7ರ ‘ರಾತ್ರಿ ಮತ್ತು ಮಂಜು’ ಎಂಬ ಆದೇಶದ ಮೇರೆಗೆ, ಆಕ್ರಮಿತ ದೇಶಗಳಲ್ಲಿ ಸೆರೆಸಿಕ್ಕ ಪ್ರತಿರೋಧಿಗಳನ್ನು ಗುಟ್ಟಾಗಿ ಜರ್ಮನಿಗೆ ಸಾಗಿಸಿ, ಅವರ ಬಂಧುಗಳಿಗೆ ಏನನ್ನೂ ತಿಳಿಸದಿರಬೇಕಾಗಿತ್ತು. ಗಲ್ಲು ಹುತಾತ್ಮನನ್ನು ಹುಟ್ಟಿಸುತ್ತದೆ, ಅನಿಶ್ಚಯ ಭಯವನ್ನು ಹುಟ್ಟಿಸುತ್ತದೆ ಎಂಬುದು ಅವರ ಲೆಕ್ಕ. ಆದೇಶಕ್ಕೆ ಸಹಿ ಹಾಕಿದ ಕೈಟೆಲ್‌ನನ್ನು 1946ರಲ್ಲಿ ನ್ಯೂರೆಂಬರ್ಗಿನಲ್ಲಿ ನೇಣಿಗೆ ಹಾಕಿದರು. ವಿದ್ಯೆ ಮಾತ್ರ ಅವನೊಡನೆ ಸಾಯಲಿಲ್ಲ.

ದಕ್ಷಿಣ ಅಮೆರಿಕೆಯ ಸೇನಾಡಳಿತಗಳು ಅದನ್ನು ಮೊದಲು ಯಾರ ಮೇಲೆ ಪ್ರಯೋಗಿಸಿದವೋ ಅವರಲ್ಲಿ ಹಳ್ಳಿಯ ಸಂಘಟಕರೂ ಇದ್ದರೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿಯದು. ಬ್ರೆಜಿಲ್ ದೇಶದ ಈಶಾನ್ಯ ಮೂಲೆಯ ಪರೈಬಾ ಪ್ರಾಂತದಲ್ಲಿ, ಕಬ್ಬಿನ ತೋಟಗಳ ನಡುವೆ ಸಾಪೆ ಎಂಬ ಊರುಂಟು. ಅಲ್ಲಿನ ಗೇಣಿದಾರರೂ ಕೂಲಿಗಳೂ ಕಟ್ಟಿಕೊಂಡ ರೈತಕೂಟದ ಮುಖ್ಯಸ್ಥ ಜೋವಾವ್ ಪೆದ್ರೊ ತೆಯಿಶೇರನನ್ನು 1962ರ ಏಪ್ರಿಲಿನಲ್ಲಿ ಭೂಮಾಲಿಕರ ಕಡೆಯವರು ಗುಂಡಿಟ್ಟು ಕೊಂದರು. ಎರಡು ವರ್ಷದ ತರುವಾಯ, 1964ರಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡಾಗ, ಅದೇ ಕೂಟದ ಜೋವಾವ್ ಅಲ್ಫ್ರೆದೊ ದಿಯಸ್ ಮತ್ತು ಪೆದ್ರೊ ಇನಾಸಿಯೊ ದ ಅರೌಜೊ ಎಂಬಿಬ್ಬರನ್ನು ಸೈನಿಕರ ಶಿಬಿರದಲ್ಲಿ ಕೂಡಿಹಾಕಿದರು. ಇಬ್ಬರನ್ನೂ ಬಿಡುಗಡೆ ಮಾಡಿದೆವೆಂದು ಶಿಬಿರದವರ ಹೇಳಿಕೆ. ಮನೆಗೆ ಇಬ್ಬರೂ ಬರಲಿಲ್ಲ. ತೆಯಿಶೇರನ ವಿಧವೆ ಎಲಿಜಬೆತ್ ತನ್ನ ಹೆಸರನ್ನು ಮಾರ್ತಾ ಎಂದು ಬದಲಿಸಿಕೊಂಡು, ಮಕ್ಕಳಲ್ಲಿ ಬಹುಮಂದಿಯನ್ನು ಬಂಧುಗಳಲ್ಲಿ ಹಂಚಿಬಿಟ್ಟು, ದೂರದ ಒಂದು ಹಳ್ಳಿಯಲ್ಲಿ ಹದಿನಾರು ಹದಿನೇಳು ವರ್ಷ ಅಜ್ಞಾತವಾಗಿ ಬದುಕಿದಳು. 1964ರಲ್ಲಿ ಅರ್ಧಕ್ಕೆ ನಿಂತ ತನ್ನ ಚಲಚ್ಚಿತ್ರವನ್ನು ಪೂರ್ತಿಮಾಡಲೆಂದು ಹೊರಟ ನಿರ್ದೇಶಕ ಎದುವರ್ದೊ ಕುಚಿನ್ಹೊ ಅವಳನ್ನು ಹುಡುಕಿ ತೆಗೆದ ಮೇಲೆಯೇ ಲೋಕಕ್ಕೆ ಅವಳ ಕತೆ ಗೊತ್ತಾಯಿತು.

ಚಿಲಿಯ ಕತೆ ಇನ್ನೂ ಕ್ರೂರ. ರೈತಕೂಲಿಗಳಿಗೆ ಸಂಘ ಕಟ್ಟುವ ಹಕ್ಕನ್ನು ಶಾಸನಬದ್ಧವಾಗಿ ಆ ದೇಶ ಕೊಟ್ಟದ್ದು 1967ರಲ್ಲಿ; ಆರೇ ವರ್ಷದಲ್ಲಿ, 1973ರ ಸೆಪ್ಟೆಂಬರಿನಲ್ಲಿ ಪಿನೊಚೆಟ್ ಗದ್ದುಗೆಗೇರಿದನು. ಅಕ್ಟೋಬರ್ 7ರಂದು ಇಸ್ಲಾ ದೆ ಮೈಪೊ ಎಂಬ ಗ್ರಾಮದಿಂದ ಹದಿನೈದು ಗಂಡಸರನ್ನು ಪೋಲೀಸರು ಎಳೆದೊಯ್ದರು. ಅವರಲ್ಲಿ ಸೆರ್ಜಿಯೊ ಮೌರೇರ ಎಂಬ ರೈತನೂ ಅವನ ನಾಲ್ವರು ಗಂಡುಮಕ್ಕಳೂ ಇದ್ದರು. ಒಂದು ಮನೆಯಲ್ಲಿ ಗಂಡನೂ ನಾಲ್ಕು ಮಕ್ಕಳೂ ಒಂದೇ ದಿನ ಇಲ್ಲವಾಗಿ, ಮೌರೇರನ ಹೆಂಡತಿ ಸೆರೆಮನೆಯಿಂದ ಸೆರೆಮನೆಗೆ ಅಲೆದಳು. ಅತ್ತ ವಿಶ್ವಸಂಸ್ಥೆಯಲ್ಲಿ ಚಿಲಿಯ ಪ್ರತಿನಿಧಿಯು 1975ರಲ್ಲಿ, ಕಾಣೆಯಾದರೆಂಬ ಪಟ್ಟಿಯ ಹೆಸರುಗಳಲ್ಲಿ ಎಷ್ಟೋ ಹೆಸರಿನ ಮನುಷ್ಯರೇ ಇಲ್ಲವೆಂದು ವಾದಿಸಿದನು. 1978ರ ನವೆಂಬರಿನಲ್ಲಿ, ಚರ್ಚಿಗೆ ಗುಟ್ಟಾಗಿ ಬಂದ ಒಂದು ಸುಳಿವಿನ ಜಾಡು ಹಿಡಿದು ಹೋದವರಿಗೆ ಲೊಂಕೆನ್ನಿನ ಪಾಳುಬಿದ್ದ ಸುಣ್ಣದ ಭಟ್ಟಿಗಳಲ್ಲಿ ಆ ಹದಿನೈದು ಮಂದಿಯ ಅಸ್ಥಿಗಳು ಸಿಕ್ಕವು.

ನಮ್ಮ ನಾಡಿನಲ್ಲಿ ಸೇನಾಡಳಿತ ಬಂದುದಿಲ್ಲ. 1975ರ ಜೂನ್ 25ರ ರಾತ್ರಿ ಸಾರಲಾದ ತುರ್ತುಪರಿಸ್ಥಿತಿ ಸಂವಿಧಾನದ ಹೆಸರಿನಲ್ಲೇ ಬಂತು, ಟ್ಯಾಂಕುಗಳು ಬೀದಿಗಿಳಿಯಲಿಲ್ಲ. ಚಿಲಿಯೊಡನೆ ಅದನ್ನು ಸಮಗಟ್ಟುವುದು ಅತಿಶಯೋಕ್ತಿಯಾದೀತು. ಆದರೆ ಆ ಇಪ್ಪತ್ತೊಂದು ತಿಂಗಳುಗಳಲ್ಲಿ ‘ಅವನೆಲ್ಲಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ಪ್ರಭುತ್ವಕ್ಕೆ ಇಲ್ಲವೆಂದು ದೇಶದ ಪರಮೋಚ್ಚ ನ್ಯಾಯಾಲಯವೇ ಹೇಳಿತೆಂಬುದನ್ನೂ ಮರೆಯಲಾಗದು. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರು ಬೆಂಗಳೂರಿನಲ್ಲಿ ಬಂಧಿತರಾಗಿದ್ದು, ಅವರ ಅರ್ಜಿಗಳು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಬಂದಿದ್ದವು. ಇಂಥ ಅರ್ಜಿಗಳನ್ನು ಕೇಳಬಹುದೆಂದು ಹಲವು ಉಚ್ಚ ನ್ಯಾಯಾಲಯಗಳು ಧೈರ್ಯವಾಗಿ ಹೇಳಿದ್ದುವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಅದೆಲ್ಲವನ್ನೂ ತಳ್ಳಿಹಾಕಿದರು. ಪೋಲೀಸಿನವನೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೆ ಏನು ಪರಿಹಾರವೆಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದ್ದಕ್ಕೆ, ತುರ್ತುಪರಿಸ್ಥಿತಿ ಇರುವಷ್ಟು ಕಾಲ ಇಲ್ಲವೆಂದೇ ಸರ್ಕಾರದ ವಕೀಲರ ಉತ್ತರ. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷ ಅವರನ್ನು ಬಿಟ್ಟು ಕಿರಿಯರಾದ ಬೇಗ್ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಪಟ್ಟ ಸಂದಿತು.

ಆ ತೀರ್ಪು ಬಂದು ಮೂರು ದಿನಕ್ಕೆ, ಕಾರ್ಮಿಕರ ದಿನವಾದ ಮೇ 1ರಂದು, ಬೆಂಗಳೂರಿನ ಒಂದು ಮನೆಯಿಂದ ಲಾರೆನ್ಸ್ ಫರ್ನಾಂಡಿಸರನ್ನು ಪೋಲೀಸರು ಕರೆದೊಯ್ದರು. ಅವರು ಮಾಡಿದ ಅಪರಾಧ ಜಾರ್ಜ್ ಫರ್ನಾಂಡಿಸರ ತಮ್ಮನಾಗಿದ್ದುದು. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕರನ್ನು ಸಂಘಟಿಸಿ, 1974ರ ಮೇ ತಿಂಗಳಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದ ಮುಷ್ಕರದ ಮುಂದಾಳಾಗಿದ್ದ ಜಾರ್ಜ್ ಆಗ ಭೂಗತರಾಗಿದ್ದರು. ಅಣ್ಣನ ಸುಳಿವಿಗಾಗಿ ತಮ್ಮನನ್ನು ದಿನಗಟ್ಟಲೆ ಎಲ್ಲಿಯೋ ಇಟ್ಟು, ಅಂಗಾಂಗಗಳು ಊನವಾಗುವಂತೆ ಹೊಡೆದರು. ಮನೆಯವರಿಗೆ ಯಾವ ಸುದ್ದಿಯೂ ಇಲ್ಲ. ಸರ್ಕಾರದ ಕಾಗದಗಳಲ್ಲಿಯಾದರೋ ಅವರನ್ನು ನಿಜವಾಗಿ ಹಿಡಿದ ದಿನ ಕಾಣಿಸಲಿಲ್ಲ, ಬಹು ದಿನ ತಡೆದ ತಾರೀಖು ಕಾಣಿಸಿತು. ತಾಯಿ ಆಲಿಸ್ ಫರ್ನಾಂಡಿಸರು ರಾಷ್ಟ್ರಪತಿಗಳಿಗೇ ಪತ್ರ ಬರೆದು ಮಗನ ಪಾಡನ್ನು ವಿವರಿಸಿದರು. ಮೇ 2ರಂದು ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನಲುಗಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಲಾರೆನ್ಸರು ಬದುಕಿ ಬಂದರು. ಅವರ ಬೆನ್ನಿಗೆ ಪ್ರಖ್ಯಾತವಾದ ಒಂದು ಮನೆತನವಿತ್ತು. ತಾಯಿಯ ಪತ್ರವನ್ನು ಪರದೇಶದವರೂ ಓದಿದರು.

ಅಂಥ ಬೆಂಬಲವಿಲ್ಲದವರ ಗತಿಯನ್ನು ಕೋಳಿಕ್ಕೋಡಿನ ರಾಜನ್ ಪ್ರಕರಣದಲ್ಲಿ ಕಾಣಬೇಕು. 1976ರ ಮಾರ್ಚ್ 1ರ ಬೆಳಗಿನಲ್ಲಿ, ಕಾಯಣ್ಣ ಪೋಲೀಸ್ ಠಾಣೆಯ ಮೇಲೆ ನಡೆದ ದಾಳಿಯ ಶಂಕೆಯ ಮೇಲೆ, ಇಂಜಿನಿಯರಿಂಗ್ ಕಾಲೇಜಿನ ವಸತಿಗೃಹದಿಂದ ಆ ವಿದ್ಯಾರ್ಥಿಯನ್ನು ಕರೆದೊಯ್ದು ಕಕ್ಕಯದ ಶಿಬಿರದಲ್ಲಿ ಇಟ್ಟರು. ತಂದೆ ಈಚರ ವಾರಿಯರ್ ಹಿಂದಿಯ ಅಧ್ಯಾಪಕರು. ಅಧಿಕಾರಿಗಳ, ಮಂತ್ರಿಗಳ, ದೊಡ್ಡವರ ಮನೆಗಳ ಮೆಟ್ಟಿಲನ್ನು ಹತ್ತಿ ಇಳಿದು ಒಂದು ವರ್ಷ ಕಳೆದರು. ತುರ್ತುಪರಿಸ್ಥಿತಿ 1977ರ ಮಾರ್ಚ್ 21ರಂದು ಮುಗಿಯಿತು. ನಾಲ್ಕೇ ದಿನಕ್ಕೆ ಅವರ ಅರ್ಜಿ ಕೇರಳದ ಉಚ್ಚ ನ್ಯಾಯಾಲಯಕ್ಕೆ ಬಂತು. ಆ ವಿದ್ಯಾರ್ಥಿ ತಮ್ಮ ವಶದಲ್ಲಿ ಇರಲೇ ಇಲ್ಲವೆಂದು ಸರ್ಕಾರ ಪ್ರಮಾಣಪತ್ರ ಕೊಟ್ಟಿತು. ನ್ಯಾಯಮೂರ್ತಿಗಳಾದ ಸುಬ್ರಮಣ್ಯನ್ ಪೋಟ್ಟಿಯವರೂ ಖಾಲಿದರೂ ಅದನ್ನು ನಂಬದೆ, ಮಗನನ್ನು ತಂದು ನಿಲ್ಲಿಸಿರೆಂದು ಆಜ್ಞಾಪಿಸಿದರು. ತರಲಾಗಲಿಲ್ಲ, ಶಿಬಿರದಲ್ಲಿ ಸತ್ತನೆಂದು ಒಪ್ಪಿಕೊಳ್ಳಬೇಕಾಯಿತು, ಆಗತಾನೆ ಮುಖ್ಯಮಂತ್ರಿಯಾಗಿದ್ದ ಕರುಣಾಕರನ್ ಪದವಿ ಬಿಟ್ಟರು. ಶವ ಮಾತ್ರ ಸಿಕ್ಕಲೇ ಇಲ್ಲ. ತಂದೆ 2006ರಲ್ಲಿ ತೀರಿಕೊಂಡರು.

ಇಂಥ ತಂದೆತಾಯಿಗಳ ಒತ್ತಾಯಕ್ಕೆ ಶಾಸನವು ತಡವಾಗಿ, ಹೆಜ್ಜೆಹೆಜ್ಜೆಯಾಗಿ ಮಣಿಯಿತು. ಯಾವ ತುರ್ತಿನಲ್ಲೂ ಜೀವದ ಹಕ್ಕಿಗೆ ನ್ಯಾಯಾಲಯದ ಬಾಗಿಲು ಮುಚ್ಚದಂತೆ 1978ರ 44ನೆಯ ತಿದ್ದುಪಡಿ ಕಟ್ಟುಮಾಡಿತು. 1976ರ ಆ ತೀರ್ಪನ್ನು ಸುಪ್ರೀಂ ಕೋರ್ಟು ತಾನೇ ರದ್ದುಪಡಿಸಿದ್ದು 2017ರ ಆಗಸ್ಟಿನಲ್ಲಿ. ನಲವತ್ತೊಂದು ವರ್ಷ ಕಳೆದ ಮೇಲೆ. ನಡುವೆ, 1986ರ ಆಗಸ್ಟಿನಲ್ಲಿ, ಪಶ್ಚಿಮ ಬಂಗಾಳದ ಕಾನೂನು ನೆರವಿನ ಸಂಸ್ಥೆಯೊಂದರ ಡಿ. ಕೆ. ಬಸು ಅವರು ಲಾಕಪ್ಪಿನ ಸಾವುಗಳ ವಿಷಯವಾಗಿ ವೃತ್ತಪತ್ರಿಕೆಯಲ್ಲಿ ಬಂದ ವರದಿಗಳನ್ನು ಲಗತ್ತಿಸಿ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ, ಹತ್ತು ವರ್ಷದ ವಿಚಾರಣೆಯ ತರುವಾಯ, 1996ರ ಡಿಸೆಂಬರ್ 18ರಂದು ಹನ್ನೊಂದು ವಿಧಿಗಳನ್ನು ವಿಧಿಸಿತು: ಎದೆಯ ಮೇಲೆ ಹೆಸರು, ಸಾಕ್ಷಿಯಿರುವ ದಸ್ತಗಿರಿಯ ಕಾಗದ, ಬಂಧುಮಿತ್ರರಿಗೆ ವರ್ತಮಾನ, ನಲವತ್ತೆಂಟು ಗಂಟೆಗೊಮ್ಮೆ ವೈದ್ಯ ಪರೀಕ್ಷೆ, ನಿಯಂತ್ರಣ ಕೊಠಡಿಯ ಸೂಚನಾಫಲಕ. ಅವುಗಳಲ್ಲಿ ಮುಖ್ಯವಾದವು ಆಮೇಲೆ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿ, ಇಂದಿನ ಸಂಹಿತೆಗೂ ಬಂದವು. ಬಸು ಅವರ ಕಣ್ಣಿದ್ದುದು ಲಾಕಪ್ಪಿನ ಸಾವಿನ ಮೇಲೆ. ಅವರು ಕೇಳಿ ಪಡೆದ ಕಾಗದ ಕಾಣೆಯಾಗುವ ಮನುಷ್ಯನಿಗೂ ಕಾವಲಾಯಿತು.

ಜತ್ತದ ಕನ್ನಡಿಗರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಅವರ ಠಾಣೆಯ ವ್ಯವಹಾರವೆಲ್ಲ ಮರಾಠಿ. ಪೂರ್ವಭಾಗದ ಊರುಗಳಲ್ಲಿ ಮನೆಮಾತು ಕನ್ನಡ. ಓದಲಾರದ ಭಾಷೆಯಲ್ಲಿ ಬರೆದುಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನಿಗೆ ಅದರಿಂದ ಏನು ಪ್ರಯೋಜನ? ಇದಕ್ಕೆ ಉತ್ತರ ಹೊರಗಿನಿಂದ ತರಬೇಕಾಗಿಲ್ಲ, ಮಹಾರಾಷ್ಟ್ರದ ಮೊಕದ್ದಮೆಯೊಂದರಲ್ಲೇ ಇದೆ. ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಗಾದ ಹರಿಕಿಸನ್ ಎಂಬವರಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವರು ಹಿಂದಿಯಲ್ಲಿ ಕೇಳಿದರು, ಕೊಡಲಿಲ್ಲ. ಬಾಯಲ್ಲಿ ವಿವರಿಸಿದರೆ ಸಾಲದು, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 1962ರಲ್ಲಿ ತೀರ್ಪಿತ್ತು, ಅವರನ್ನು ಬಿಡಿಸಿತು. ಅದು ಸಾಮಾನ್ಯ ದಸ್ತಗಿರಿಯ ಪ್ರಕರಣವಲ್ಲ ನಿಜ. ಆದರೆ ತತ್ತ್ವ ಎರಡಕ್ಕೂ ಒಂದೇ. ಉಮದಿಯ ರೈತನಾಗಲಿ ಸಂಖದ ಕೂಲಿಯಾಗಲಿ ದಸ್ತಗಿರಿಯ ಕಾರಣವನ್ನು ಕನ್ನಡದಲ್ಲಿ ಕೇಳಲು ಸಂಕೋಚಪಡಬೇಕಾಗಿಲ್ಲ.

ಕಾಗದ ಇರುವಲ್ಲಿಗೆ ಕತೆ ನಿಲ್ಲುವುದಿಲ್ಲ. ಕಾಗದ ಬರೆಯದೆ ಒಯ್ದವನನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಲೋಕ ಅದಕ್ಕೆ ಒಂದು ಉತ್ತರವನ್ನು ಸಿದ್ಧಪಡಿಸಿದೆ. 1977ರ ಏಪ್ರಿಲಿನಿಂದ ಕಾಣೆಯಾದ ಮಕ್ಕಳಿಗಾಗಿ ಅರ್ಜೆಂಟೀನದ ಬ್ಯೂನಸ್ ಐರಿಸ್ಸಿನ ಚೌಕದಲ್ಲಿ ತಲೆಗೆ ಬಿಳಿಯ ವಸ್ತ್ರ ಕಟ್ಟಿಕೊಂಡು ಸುತ್ತಿದ ತಾಯಂದಿರ ಹಟ, ಚಿಲಿಯ ಹೆಂಗಸರ ಹಟ, ಇವೆಲ್ಲ ಕೂಡಿ 1980ರಲ್ಲಿ ವಿಶ್ವಸಂಸ್ಥೆಯು ಕಾಣೆಯಾದವರಿಗಾಗಿಯೇ ಒಂದು ಕಾರ್ಯತಂಡವನ್ನು ನೇಮಿಸುವಂತಾಯಿತು. 2006ರ ಡಿಸೆಂಬರಿನಲ್ಲಿ ಬಲವಂತದ ಕಣ್ಮರೆಯನ್ನು ಸ್ವತಂತ್ರ ಅಪರಾಧವೆಂದು ಸಾರಿದ ಅಂತರರಾಷ್ಟ್ರೀಯ ಒಡಂಬಡಿಕೆ ಅಂಗೀಕಾರವಾಯಿತು. 2010ರಲ್ಲಿ ಜಾರಿಗೆ ಬಂತು. ಯುದ್ಧವಿರಲಿ ತುರ್ತಿರಲಿ ಯಾವ ನೆಪವೂ ಸಲ್ಲದೆಂದು ಅದರಲ್ಲಿ ಖಂಡಿತವಾಗಿ ಹೇಳಿದೆ. ಭಾರತವು ಅದಕ್ಕೆ 2007ರ ಫೆಬ್ರವರಿ 6ರಂದೇ ಸಹಿ ಹಾಕಿತು. ಇಂದಿಗೂ ಅದನ್ನು ಅನುಮೋದಿಸಿಲ್ಲ. ವಸಾಹತುಶಾಹಿಯ ಕಾನೂನನ್ನು ಕಿತ್ತು ಹಾಕಿದೆವೆಂದು ತಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಅಪರಾಧಕ್ಕೆ ಒಂದು ಕಲಮನ್ನು ಬರೆದಿಲ್ಲ. ಈಚರ ವಾರಿಯರರ ಮಗನನ್ನು ಕಾಣೆಯಾಗಿಸಿದ ದೇಶಕ್ಕೆ ಇದು ಶೋಭೆ ತರುವ ಉದಾಸೀನವಲ್ಲ. ಸಹಿ ಹಾಕಿದ ಕೈ ಅನುಮೋದನೆಯನ್ನೂ ಬರೆಯಬೇಕೆಂದು ನಮ್ಮ ಸಂಸದರನ್ನು ನಾವೇ ಕೇಳಬೇಕು.